ಕಾವಲುಗಾರನ ದಾರಿ

“ಪ್ರೀತಿ ಇದ್ದವರು ಹೋಗಿ ನೋಡುವುದೂ ತಪ್ಪಾಗುತ್ತದೆಯೇ ಬುದ್ಧಿ?” ಎಂದು ಹೊನ್ನಾಂಬಿಕೆ ಕೇಳಿದಳು.

ಅವಳು ಮಠದ ಹಳೆಯ ಶಿಷ್ಯೆ. ಬಾಯಿ ಚಪಲಕ್ಕೆ ಪ್ರಶ್ನೆ ಕೇಳುವ ಹೆಂಗಸಲ್ಲ. ಗುರುಗಳು ಓದುತ್ತಿದ್ದುದನ್ನು ಬದಿಗಿಟ್ಟು, “ಏನಾಯಿತು ಹೇಳು ತಾಯಿ,” ಎಂದರು.

ಅವಳು ಹೇಳಿದಳು. ತಂಗಿ ಹೆರಿಗೆಯಲ್ಲಿ ತೀರಿಕೊಂಡಾಗ ಕೂಸನ್ನು ಮಡಿಲಿಗೆ ಹಾಕಿಕೊಂಡು ಬಂದವಳು ಅವಳೇ. ಹುಡುಗಿ ಅವಳನ್ನೇ ಅವ್ವ ಎಂದು ಕರೆಯುತ್ತ ಬೆಳೆಯಿತು. ಈಗ ಅದರ ತಂದೆ ಮತ್ತೊಂದು ಮದುವೆ ಮಾಡಿಕೊಂಡು, ಮಗಳನ್ನು ತನ್ನ ಮನೆಗೆ ಕರೆದೊಯ್ದಿದ್ದಾನೆ. ಬಂದ ಹೆಂಡತಿ ಕೆಟ್ಟವಳಲ್ಲ. ಆದರೆ ಹೊನ್ನಾಂಬಿಕೆ ಹೋಗಿ ಬಂದಾಗಲೆಲ್ಲ ಹುಡುಗಿ ಊಟ ಬಿಡುತ್ತದೆ, ಬಾಗಿಲಲ್ಲಿ ಕುಳಿತು ಬೀದಿ ನೋಡುತ್ತದೆ, ಯಾರು ಕರೆದರೂ ಒಳಗೆ ಹೋಗುವುದಿಲ್ಲ. ಕಳೆದ ಸಲ ಆ ಹೆಣ್ಣು ಹೊಸ್ತಿಲು ದಾಟಿ ಬಂದು, “ಅಕ್ಕಾ, ಕೊಂಚ ಕಾಲ ಬರಬೇಡಿ. ನೀವು ಬಂದು ಹೋದರೆ ಮಗು ನನ್ನ ಹತ್ತಿರ ಸುಳಿಯುವುದೇ ಇಲ್ಲ,” ಎಂದು ಕೈ ಮುಗಿದಿದ್ದಳು.

“ನಾನು ಆ ಮಗುವಿಗೆ ಏನು ಕೇಡು ಮಾಡಿದೆ ಬುದ್ಧಿ? ಕಣ್ತುಂಬ ನೋಡಿಕೊಂಡು ಬರುತ್ತೇನೆ, ಅಷ್ಟೇ.”

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಕಾಡಿತ್ತು. ಅದರ ಮರಗಳನ್ನು ಯಾರೂ ನೆಟ್ಟಿರಲಿಲ್ಲ, ಯಾರೂ ಕಡಿದಿರಲಿಲ್ಲ. ಬಿದ್ದ ಮರ ಬಿದ್ದಲ್ಲೇ ಮಣ್ಣಾಗುತ್ತಿತ್ತು, ಅದರ ಮೇಲೆ ಇನ್ನೊಂದು ಏಳುತ್ತಿತ್ತು. ಸುತ್ತಲಿನ ಕಾಡುಗಳೆಲ್ಲ ಕರಗಿ ಹೊಲ, ತೋಟ, ರಸ್ತೆಗಳಾದ ಮೇಲೆ, ಇದೊಂದು ಉಳಿದಿದೆ ಎಂಬುದು ಸರ್ಕಾರದವರ ಕಣ್ಣಿಗೆ ಬಿತ್ತು. ಅವರು ಅದನ್ನು ರಾಷ್ಟ್ರೀಯ ಉದ್ಯಾನ ಎಂದು ಸಾರಿದರು. ಇದರೊಳಗೆ ಕೊಡಲಿ ತರಬಾರದು, ದನ ಬಿಡಬಾರದು, ಒಣಗಿದ ಕಡ್ಡಿಯನ್ನೂ ಹೆಕ್ಕಬಾರದು ಎಂದು ಕಟ್ಟು ಮಾಡಿದರು. ಕಟ್ಟು ಮಾಡಿದ ಮೇಲೆ ಕಾಯುವವನು ಬೇಕು. ಒಬ್ಬ ಕಾವಲುಗಾರನನ್ನು ನೇಮಿಸಿ, ಕಾಡಿನ ನಡುಮಧ್ಯೆ, ಹಳ್ಳದ ದಂಡೆಯ ಮೇಲೆ ಅವನಿಗೊಂದು ಗುಡಿಸಲು ಹಾಕಿಕೊಟ್ಟರು. ನಡುವೆ ಕುಳಿತರೆ ಯಾವ ಕಡೆ ಕೊಡಲಿ ಬಿದ್ದರೂ ಕೇಳಿಸುತ್ತದೆ ಎಂಬುದು ಅವರ ಎಣಿಕೆ.

ಕಾವಲುಗಾರನಿಗೆ ಆಗ ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಬಯಲುಸೀಮೆಯವಳು. ಮೊದಮೊದಲು ಅವಳಿಗೆ ಕಾಡೆಂದರೆ ಹೆದರಿಕೆ. ಕಾಡಿನ ಸದ್ದಿಗಿಂತಲೂ ಸದ್ದು ನಿಂತಾಗ ಹೆಚ್ಚು ಹೆದರುತ್ತಿದ್ದಳು. ಗಂಡ ಬೆಳಿಗ್ಗೆ ಗಸ್ತಿಗೆ ಹೋದರೆ ಬರುವುದು ಸಂಜೆಗೆ. ಅವನು ಬಂದು ಕಾಲು ತೊಳೆದುಕೊಳ್ಳುವುದರೊಳಗೆ ಅವಳು, “ಇವತ್ತು ಏನು ಕಂಡಿರಿ?” ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಮಂಗಟ್ಟೆ ಹಕ್ಕಿ ಪೊಟರೆಯೊಳಗೆ ಕುಳಿತ ಹೆಣ್ಣಿಗೆ ಹಣ್ಣು ತಂದುಕೊಟ್ಟದ್ದು, ಆನೆಗಳು ಹಳ್ಳ ದಾಟುವಾಗ ಮರಿಯನ್ನು ನಡುವೆ ಇಟ್ಟುಕೊಂಡದ್ದು, ಹೆಬ್ಬಾವು ಬಿಸಿಲಿಗೆ ಬಂದು ಮಲಗಿದ್ದು. ಗುಡಿಸಲು ಬಿಟ್ಟು ಹೆಚ್ಚು ದೂರ ಹೋಗದ ಆ ಹೆಣ್ಣು ಗಂಡನ ಬಾಯಲ್ಲೇ ಇಡೀ ಕಾಡನ್ನು ನೋಡಿದಳು. ಆಮೇಲೆ ಊರಿಗೆ ಹೋಗೋಣ ಎಂದು ಅವನೇ ಕರೆದರೂ ಬೇಡವೆನ್ನುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ಅದರ ಮಾತನ್ನು ಇಬ್ಬರೂ ಆಡುತ್ತಿರಲಿಲ್ಲ.

ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ಹಳ್ಳ ಉಕ್ಕಿ ಹರಿಯುತ್ತಿತ್ತು. ಕಾವಲುಗಾರ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಎರಡು ಸಲ ನೀರಿಗಿಳಿದ, ಎರಡು ಸಲವೂ ಹಿಂದಕ್ಕೆ ಬಂದ. ನೀರು ಇಳಿಯುವವರೆಗೆ ಅವಳು ಉಳಿಯಲಿಲ್ಲ. ಗುಡಿಸಲಿನ ಹಿಂದೆ ಒಂದು ದೊಡ್ಡ ಧೂಪದ ಮರವಿತ್ತು. ಅದರ ಬುಡದಲ್ಲಿ ಅವಳನ್ನು ಮಣ್ಣು ಮಾಡಿ, ಹಳ್ಳದಿಂದ ಒಂದು ಕಲ್ಲು ಹೊತ್ತು ತಂದು ತಲೆಯ ಕಡೆ ಇಟ್ಟ.

ಅಲ್ಲಿಂದ ಮುಂದೆ ಆ ಕಾಡಿನಲ್ಲಿ ಮನುಷ್ಯ ಎಂದರೆ ಅವನೊಬ್ಬನೇ. ಗಸ್ತಿನಿಂದ ಬಂದು ಕಾಲು ತೊಳೆದುಕೊಂಡು ಕಲ್ಲಿನ ಹತ್ತಿರ ಕುಳಿತು, ಅಂದು ಕಂಡದ್ದನ್ನು ಹೇಳುತ್ತಿದ್ದ. ಕೇಳುವ ಮಾತಿರಲಿಲ್ಲ, ಹೇಳುವುದು ಮಾತ್ರ ಉಳಿದಿತ್ತು. ಅಷ್ಟಾದರೂ ಉಳಿದಿದೆಯಲ್ಲ ಎಂದು ಅವನು ದಿನ ಕಳೆದ.

ಅವನ ದಾರಿಯ ಮಾತು ಹೇಳಬೇಕು. ಕಾಡಿನ ಅಂಚಿನ ಹಳ್ಳಿಯಿಂದ ಗುಡಿಸಲಿಗೆ, ಗುಡಿಸಲಿನಿಂದ ಆಚೆಯ ಗಡಿಗೆ ಒಂದು ಕಾಲುದಾರಿ. ಅದನ್ನು ಕಡಿದವನು ಅವನೇ. ಮಳೆ ಮುಗಿದ ಮೇಲೆ ಪ್ರತಿ ವರ್ಷ ಕತ್ತಿ ಹಿಡಿದು ಎರಡೂ ಬದಿಯ ಚಿಗುರು ಸವರುತ್ತಿದ್ದ. ಆನೆ ಎದುರಾದರೆ ದೂರದಿಂದಲೇ ಕಾಣಬೇಕು ಎಂದು ವರ್ಷ ವರ್ಷಕ್ಕೂ ಸ್ವಲ್ಪ ಅಗಲ ಮಾಡುತ್ತಿದ್ದ. ಕಣ್ಣು ಮುಚ್ಚಿಕೊಂಡು ನಡೆದರೂ ಕಾಲಿಗೆ ಒಂದು ಬೇರೂ ಎಡವದಷ್ಟು ಹಸನಾಗಿತ್ತು ಅದು. ಮೇಲಿನವರು ಯಾವಾಗಲಾದರೂ ಬಂದರೆ, ಎಂಥ ದಾರಿ ಇಟ್ಟಿದ್ದೀಯಪ್ಪ ಎಂದು ಮೆಚ್ಚುತ್ತಿದ್ದರು. ಅವನಿಗೂ ಅದು ಹೆಮ್ಮೆ.

ಒಂದು ವರ್ಷ ಮಳೆ ಬಿಡದೆ ಸುರಿಯಿತು. ಹಳ್ಳದ ಭೋರ್ಗರೆತದಲ್ಲಿ ಬೇರೆ ಯಾವ ಸದ್ದೂ ಕೇಳುತ್ತಿರಲಿಲ್ಲ. ಮಳೆ ಬಿಟ್ಟು ಹೊಳವಾದ ದಿನ ಗಸ್ತಿಗೆ ಹೋದವನು ನಿಂತುಬಿಟ್ಟ. ಮೂರು ಜನ ಕೈ ಹಿಡಿದರೂ ತಬ್ಬಲಾಗದ ಬೀಟೆ ಮರವನ್ನು ಯಾರೋ ಕಡಿದು ಉರುಳಿಸಿದ್ದರು. ಮರ ನಿಂತಿದ್ದ ಕಡೆ ಆಕಾಶ ಕಾಣುತ್ತಿತ್ತು. ಆ ಜಾಗದಲ್ಲಿ ಅವನು ಹಿಂದೆಂದೂ ಆಕಾಶ ನೋಡಿರಲಿಲ್ಲ. ದಿಮ್ಮಿಗಳನ್ನು ಎಳೆದುಕೊಂಡು ಹೋದ ಗುರುತು ಅವನ ದಾರಿಯ ಉದ್ದಕ್ಕೂ ಇತ್ತು.

ಗುರುತು ಹಿಡಿದು ಓಡಿದ. ಕಳ್ಳರು ಹೋಗಿಯಾಗಿತ್ತು. ಒಬ್ಬ ಮಾತ್ರ ಸಿಕ್ಕಿದ. ಮರ ಕಡಿಯುವ ಮುದುಕ. ದಿಮ್ಮಿ ಕಾಲ ಮೇಲೆ ಉರುಳಿ ಮೂಳೆ ಮುರಿದಿತ್ತು. ಜೊತೆಯವರು ಅವನನ್ನು ದಾರಿಯ ಪಕ್ಕ ಕೂರಿಸಿ ಬಿಟ್ಟು ಹೋಗಿದ್ದರು.

ಕಾವಲುಗಾರ ಕೇಳಿದ, “ಈ ಕಾಡಿನೊಳಗೆ ನಿಮಗೆ ಯಾರು ದಾರಿ ತೋರಿಸಿದರು? ಅವನ ಹೆಸರು ಹೇಳು.”

ಮುದುಕ ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. “ಯಾರೂ ತೋರಿಸಲಿಲ್ಲ ಅಣ್ಣ. ನಿನ್ನ ದಾರಿ ಹಿಡಿದೇ ಬಂದೆವು. ನಮ್ಮಪ್ಪನೂ ಮರ ಕಡಿಯುವವನೇ. ಆ ಕಾಲದಲ್ಲಿ ಇದರೊಳಗೆ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಹೊಕ್ಕರೆ ಹೊರಗೆ ಬರುವುದು ಹೇಗೆ ಎಂದು ಗೊತ್ತಾಗುತ್ತಿರಲಿಲ್ಲ.”

ಕಾವಲುಗಾರ ಮುದುಕನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರಟ. ಭಾರಕ್ಕೆ ತಲೆ ಬಗ್ಗಿತ್ತು, ಕಣ್ಣು ನೆಲದ ಮೇಲೇ ಇತ್ತು. ಇಷ್ಟು ವರ್ಷ ಮುಂದೆ ನೋಡುತ್ತ ನಡೆದವನು ಅಂದು ಮೊದಲ ಸಲ ದಾರಿಯನ್ನೇ ನೋಡಿದ. ಬಿಸಿಲು ಬಿದ್ದ ಬದಿಗಳಲ್ಲಿ ಒಳಗಾಡಿನಲ್ಲಿ ಎಲ್ಲೂ ಇಲ್ಲದ ಲಂಟಾನ ಬೆಳೆದು ನಿಂತಿತ್ತು. ಅದರ ಬೀಜ ತನ್ನ ಕಾಲಿನ ಕೆಸರಿಗೆ ಅಂಟಿಕೊಂಡು ಬಂದಿರಬೇಕು ಎಂದು ಅವನಿಗೆ ಹೊಳೆಯಿತು. ದಾರಿ ಹಾಯ್ದ ಕಡೆಯೆಲ್ಲ ಕಾಡು ಎರಡು ಹೋಳಾಗಿತ್ತು. ಹಳ್ಳಿ ತಲುಪುವ ಹೊತ್ತಿಗೆ ಬೆನ್ನ ಮೇಲಿನ ಭಾರ ಅವನಿಗೆ ಮರೆತೇ ಹೋಗಿತ್ತು.

ಮುದುಕನನ್ನು ಆಸ್ಪತ್ರೆಗೆ ಸೇರಿಸಿ, ಕಾವಲುಗಾರ ಮೇಲಧಿಕಾರಿಯ ಮುಂದೆ ಹೋಗಿ ನಿಂತ. ನನ್ನ ಗುಡಿಸಲನ್ನು ಕಾಡಿನ ಹೊರಕ್ಕೆ ಹಾಕಿಕೊಡಿ, ಅಂಚಿನಲ್ಲಿ ಕುಳಿತು ಕಾಯುತ್ತೇನೆ, ಒಳಗಿನ ದಾರಿ ಮುಚ್ಚಿಹೋಗಲಿ ಎಂದ. ಅಧಿಕಾರಿ ಒಳ್ಳೆಯವರು. ಯೋಚಿಸಿ ಒಪ್ಪಿಕೊಂಡರು. ಆದರೆ ಅವನ ಮನೆಯವಳ ಸಮಾಧಿ ಒಳಗಿರುವುದು ಅವರಿಗೆ ಗೊತ್ತಿತ್ತು. “ವರ್ಷಕ್ಕೊಮ್ಮೆ ಹೋಗಿ ದೀಪ ಹಚ್ಚಿ ಬಾ. ಅಷ್ಟಕ್ಕೆ ಯಾರೂ ಬೇಡವೆನ್ನುವುದಿಲ್ಲ,” ಎಂದರು.

ಆ ಮಾತು ಅವನಿಗೆ ಆಸರೆಯಾಯಿತು. ಹೊರಗೆ ಬಂದು ಅಂಚಿನ ಗುಡಿಸಲಿನಲ್ಲಿ ಇರತೊಡಗಿದ. ಸಂಜೆಯಾದರೆ ಕಾಲು ತೊಳೆದುಕೊಂಡು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಲ್ಲುತ್ತಿದ್ದ. ಕಂಡದ್ದನ್ನೆಲ್ಲ ಕೂಡಿಟ್ಟುಕೊಂಡ, ಹೋದಾಗ ಒಟ್ಟಿಗೆ ಹೇಳೋಣವೆಂದು. ಹೆಂಡತಿ ತೀರಿಕೊಂಡ ತಿಂಗಳು ಬಂದಾಗ ಕತ್ತಿ ಹಿಡಿದು ಒಳಗೆ ಹೋದ. ವರ್ಷದೊಳಗೆ ದಾರಿಗೆ ಎದೆಯುದ್ದ ಗಿಡ ಬಂದಿತ್ತು. ಕಡಿದುಕೊಂಡು ಹೋದ. ಸಮಾಧಿಯ ಮೇಲಿನ ಎಲೆ ಗುಡಿಸಿ, ದೀಪ ಹಚ್ಚಿ, ವರ್ಷದ ಮಾತನ್ನೆಲ್ಲ ಹೇಳಿ, ಹಗುರಾಗಿ ಬಂದ.

ಸ್ವಲ್ಪ ದಿನಗಳ ಮೇಲೆ ದಾರಿಯ ಬಾಯಲ್ಲಿ ಹೊಸ ಹೆಜ್ಜೆಗಳು ಕಂಡವು. ಅವು ಅವನವಲ್ಲ. ಹೆಜ್ಜೆಯ ಹಿಂದೆ ಹೋದ. ಅವನು ಕಡಿದು ಬಿಟ್ಟು ಬಂದಿದ್ದ ಜಾಡಿನಲ್ಲೇ ಯಾರೋ ತಂತಿಯ ಉರುಳು ಹಾಕಿದ್ದರು. ಉರುಳಿನಲ್ಲಿ ಒಂದು ಹೆಣ್ಣು ಕಡವೆ ಸತ್ತು ಬಿದ್ದಿತ್ತು. ಹೊಟ್ಟೆಯಲ್ಲಿ ಮರಿಯಿತ್ತು. ಅದು ಬಿಡಿಸಿಕೊಳ್ಳಲು ಒದ್ದಾಡಿದ ಕಡೆ ನೆಲ ಉತ್ತ ಹಾಗೆ ಕಿತ್ತುಹೋಗಿತ್ತು. ತಂತಿಯನ್ನು ಅದರ ಕೊರಳಿನಿಂದ ಬಿಡಿಸಿದ. ನಾನು ಒಂದು ಸಲ ಮಾತ್ರ ಬಂದೆ, ದೀಪ ಹಚ್ಚಲು ಬಂದೆ ಎಂದು ಮನಸ್ಸು ಹೇಳುತ್ತಿತ್ತು. ಯಾರಿಗೆ ಹೇಳುತ್ತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ.

ಉರುಳನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಲ್ಲಿಂದಲೇ ಸಮಾಧಿಯ ಬಳಿಗೆ ನಡೆದ. ಹೋಗಿ ಕುಳಿತ. ಇನ್ನು ನಾನು ಬರುವುದಿಲ್ಲ ಎಂದು ಹೇಳಬೇಕೆಂದೇ ಹೋಗಿದ್ದ. ನಾಲಿಗೆ ಏಳಲಿಲ್ಲ. ಬರುವಾಗ ಒಂದು ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಜಿಗಿದು ಕಾಯಿ ಬೀಳಿಸಿಕೊಂಡಿತ್ತು. ಅದನ್ನೇ ಹೇಳಿದ. ಹೇಳಿ ಎದ್ದ.

ಆಮೇಲೆ ಸಮಾಧಿಯ ಹತ್ತಿರದಿಂದಲೇ ದಾರಿ ಮುಚ್ಚುತ್ತ ಹೊರಟ. ಬಿದ್ದ ಕೊಂಬೆಗಳನ್ನು ಎಳೆದು ಅಡ್ಡ ಹಾಕಿದ. ಬಿದಿರ ಮುಳ್ಳು ತಂದು ಒಟ್ಟಿದ. ಲಂಟಾನವನ್ನು ಬೇರುಸಹಿತ ಕಿತ್ತ. ದೊಡ್ಡ ಮರಗಳ ನೆರಳಲ್ಲಿ ಎದ್ದಿದ್ದ ಸಸಿಗಳನ್ನು ಮಣ್ಣಿನ ಹೆಂಟೆಯೊಂದಿಗೆ ಕಿತ್ತು ತಂದು ದಾರಿಯ ನಡುವೆ ನೆಟ್ಟ. ಆ ಮಳೆಗಾಲವೆಲ್ಲ ಅದೇ ಕೆಲಸ. ಸ್ವಲ್ಪ ಸ್ವಲ್ಪವಾಗಿ ಹಿಂದೆ ಹಿಂದೆ ಸರಿಯುತ್ತ ಬಂದ. ಪ್ರತಿ ದಿನವೂ ಅವನಿಗೂ ಅವಳಿಗೂ ನಡುವೆ ಇನ್ನೊಂದಿಷ್ಟು ಕಾಡು ಬೆಳೆಯುತ್ತಿತ್ತು. ಕೊನೆಗೆ ಒಂದು ದಿನ ಬೆನ್ನಿಗೆ ಬಿಸಿಲು ತಾಗಿತು. ತಿರುಗಿ ನೋಡಿದರೆ ಕಾಡು ಮುಗಿದಿತ್ತು, ಅವನು ಹೊರಗಿದ್ದ.

ಮುಂದಿನ ವರ್ಷಗಳನ್ನು ಅವನು ಅಂಚಿನಲ್ಲೇ ಕಳೆದ. ಕಾಡಿನ ಸುತ್ತ ನಡೆದ, ಒಳಗೆ ಕಾಲಿಡಲಿಲ್ಲ. ಕೊಡಲಿ ಹಿಡಿದು ಬಂದವರನ್ನು ಅಲ್ಲೇ ತಡೆದ. ಬರುವವರೂ ಕಡಿಮೆಯಾದರು. ರಸ್ತೆಯಲ್ಲಿ ಕಾರು ನಿಲ್ಲಿಸಿದ ಪ್ರವಾಸಿಗಳು, ಒಳಗೆ ಹುಲಿ ಇದೆಯೇ ಎಂದು ಕೇಳುತ್ತಿದ್ದರು. ಇರಬೇಕು ಎನ್ನುತ್ತಿದ್ದ. ಒಳಗೆ ಇನ್ನೂ ದೊಡ್ಡ ಮರಗಳಿವೆಯಂತಲ್ಲ ಎಂದರೆ, ಇರಬೇಕು ಎನ್ನುತ್ತಿದ್ದ. ಒಂದು ಕಾಲಕ್ಕೆ ಯಾವ ಮರದಲ್ಲಿ ಯಾವ ಹಕ್ಕಿ ಎಂದು ಹೆಂಡತಿಗೆ ಹೇಳುತ್ತಿದ್ದವನ ಬಾಯಲ್ಲಿ ಈಗ ಅದೊಂದೇ ಮಾತು ಉಳಿದಿತ್ತು.

ಅವನ ಅಕ್ಕ ಬಂದು, “ಯಾರಿಗೋಸ್ಕರ ಇಲ್ಲಿ ಬಿದ್ದಿದ್ದೀಯೋ? ನನ್ನ ಮನೆಗೆ ಬಾ, ಇದ್ದ ಗಂಜಿಯನ್ನೇ ಹಂಚಿಕೊಂಡು ಕುಡಿಯೋಣ,” ಎಂದು ಕರೆದಳು. ಅವನು ಬರುತ್ತೇನೆ ಎಂದ, ಹೋಗಲಿಲ್ಲ. ಹಳ್ಳಿಯವರು ಅವನನ್ನು ಮರೆಗುಳಿ ಎಂದುಕೊಂಡರು. ಮಾತಾಡಿಸುವುದನ್ನು ಬಿಟ್ಟರು.

ಒಂದು ಬೇಸಿಗೆಯ ಮಧ್ಯಾಹ್ನ ದೊಡ್ಡ ಗಾಳಿ ಎದ್ದಿತು. ಕಾಡಿನ ಒಳಗೆ, ಬಹಳ ಒಳಗೆ, ಒಂದು ಮರ ಉರುಳಿದ ಸದ್ದು ಕೇಳಿತು. ದೊಡ್ಡ ಮರ. ಬೀಳುತ್ತ ಬೇರೆ ಮರಗಳನ್ನೂ ಎಳೆದುಕೊಂಡು ಬಿತ್ತು. ಸದ್ದು ಬಂದದ್ದು ಹಳೆಯ ಗುಡಿಸಲು ಇದ್ದ ದಿಕ್ಕಿನಿಂದ. ಕಾವಲುಗಾರ ಎದ್ದು ನಿಂತ. ಧೂಪದ ಮರವೇ ಇರಬಹುದು, ಅಲ್ಲದೆಯೂ ಇರಬಹುದು. ಹೋಗಿ ನೋಡಿದರೆ ತಿಳಿಯುತ್ತದೆ. ಅಂಚಿನ ಗುಡಿಸಲಿನೊಳಗೆ ಹೋಗಿ ಕತ್ತಿ ತಂದ. ಕಾಡಿನ ಮುಂದೆ ನಿಂತ. ಗಾಳಿ ಅಡಗಿತು, ಮಳೆ ಬಂತು, ಮಳೆಯೂ ನಿಂತಿತು. ಅವನು ಕತ್ತಿಯನ್ನು ಗೋಡೆಯ ಸಂದಿಗೆ ಸಿಕ್ಕಿಸಿ, ಒಲೆ ಹಚ್ಚಿ, ಅನ್ನಕ್ಕೆ ಇಟ್ಟ. ಅನ್ನ ಸೀದುಹೋಯಿತು. ಯಾವ ಮರ ಬಿತ್ತು ಎಂದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಹೆಂಡತಿಯ ದನಿ ಅವನಿಗೆ ಮೊದಲು ಮರೆತುಹೋಯಿತು. ಮುಖ ಆಮೇಲೆ ಮಸುಕಾಯಿತು. ಅವಳು ಪಾತ್ರೆ ಬೆಳಗುವಾಗ ಬಗ್ಗಿದ ಬೆನ್ನು ಮಾತ್ರ ನೆನಪಿನಲ್ಲಿ ಉಳಿಯಿತು. ಅದೂ ಹೋದರೆ ಏನು ಮಾಡಲಿ ಎಂದು ಕೆಲವು ಸಂಜೆ ಅವನಿಗೆ ದಿಗಿಲಾಗುತ್ತಿತ್ತು.

ಅವನಿಗೆ ವಯಸ್ಸಾಯಿತು. ಕೆಲಸದಿಂದ ಬಿಡುಗಡೆಯ ಕಾಲ ಬಂತು. ಹೊಸದಾಗಿ ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು. ಅವಳು ಅವನ ಗುಡಿಸಲಿಗೇ ಬಂದು, “ಅಜ್ಜಾ, ಅಜ್ಜಿಯ ಸಮಾಧಿ ಒಳಗಿದೆಯಂತೆ. ಹೋಗುವ ಮುಂಚೆ ಒಮ್ಮೆ ನೋಡಬೇಕು ಅನಿಸುವುದಿಲ್ಲವೇ? ನಾನೇ ಕರೆದುಕೊಂಡು ಹೋಗುತ್ತೇನೆ,” ಎಂದಳು.

ಕಾವಲುಗಾರ ಬೇಡವೆನ್ನಲು ಬಾಯಿ ತೆರೆದ. ಬೇಡ ಎಂಬ ಮಾತು ಬರಲಿಲ್ಲ. ಎದ್ದು, ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದ.

ಇಬ್ಬರೂ ದಾರಿಯ ಬಾಯಿಗೆ ಹೋದರು. ಅಲ್ಲಿ ಬಾಯಿ ಇರಲಿಲ್ಲ. ಇಲ್ಲೇ ಎಂದ, ಸ್ವಲ್ಪ ಮುಂದೆ ಹೋಗಿ ಅಲ್ಲ ಅಲ್ಲಿ ಎಂದ. ಅಂಚಿನ ಉದ್ದಕ್ಕೂ ಹಿಂದಕ್ಕೂ ಮುಂದಕ್ಕೂ ನಡೆದ. ತಾನು ನೆಟ್ಟ ಸಸಿಗಳನ್ನು ಹುಡುಕಿದ. ಸಸಿಗಳು ಎಲ್ಲಿರುತ್ತವೆ? ಎಲ್ಲವೂ ಮರಗಳಾಗಿದ್ದವು. ಅವನು ನೆಟ್ಟದ್ದು ಯಾವುದು, ತಾನಾಗಿ ಹುಟ್ಟಿದ್ದು ಯಾವುದು ಎಂದು ಹೇಳುವ ಹಾಗಿರಲಿಲ್ಲ. ಕಾಂಡಗಳ ಮೇಲೆ ಪಾಚಿ ಹತ್ತಿತ್ತು, ಬಳ್ಳಿಗಳು ಒಂದರಿಂದ ಒಂದಕ್ಕೆ ಹೆಣೆದುಕೊಂಡಿದ್ದವು. ಬಗ್ಗಿ ನೋಡಿದರೆ ಒಳಗೆ ಹಸಿರು ಕತ್ತಲೆ. ಕಣ್ಣು ಮುಚ್ಚಿ ನಡೆಯುತ್ತಿದ್ದ ದಾರಿ ಕಣ್ಣು ಬಿಟ್ಟು ಹುಡುಕಿದರೂ ಸಿಗಲಿಲ್ಲ. ಮಧ್ಯಾಹ್ನ ಇಳಿಯಿತು.

ಅಧಿಕಾರಿಗೆ ಕನಿಕರವಾಯಿತು. “ದಿಕ್ಕು ಗೊತ್ತಿದೆಯಲ್ಲ ಅಜ್ಜಾ, ಅಷ್ಟು ಸಾಕು. ಆಳುಗಳನ್ನು ಕರೆಸಿ ಕಡಿಸುತ್ತೇನೆ. ನಾಳೆ ಸಂಜೆಯೊಳಗೆ ನಿಮ್ಮನ್ನು ಅಲ್ಲಿಗೆ ಮುಟ್ಟಿಸುತ್ತೇನೆ,” ಎಂದಳು.

ಕಾವಲುಗಾರ ಅವಳ ಕೈ ಹಿಡಿದುಕೊಂಡ. “ಬೇಡ ಮಗಳೇ,” ಎಂದ.

ಒಂದು ಮರದ ಕಾಂಡಕ್ಕೆ ಅಂಗೈ ಇಟ್ಟು ಬಹಳ ಹೊತ್ತು ನಿಂತ. ಒಳಗೆ ಎಲ್ಲೋ ಒಂದು ಹಕ್ಕಿ ಕೂಗಿತು. ಯಾವ ಹಕ್ಕಿ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊತ್ತು ಮುಳುಗುವ ಮುಂಚೆ ಇಬ್ಬರೂ ಹಿಂದಿರುಗಿದರು. ಮಾರನೆಯ ದಿನ ಅವನು ಬಟ್ಟೆಯ ಗಂಟು ಕಟ್ಟಿಕೊಂಡು ಅಕ್ಕನ ಊರಿನ ಬಸ್ಸು ಹತ್ತಿದ.

ಗುರುಗಳು ಕತೆ ನಿಲ್ಲಿಸಿದರು.

ಹೊನ್ನಾಂಬಿಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಅಷ್ಟು ವರ್ಷ ಕಾದವನು, ಕೊನೆಗೆ ಏನನ್ನೂ ನೋಡದೆ ಬಂದನೇ ಬುದ್ಧಿ?” ಎಂದಳು.

“ಇಲ್ಲ ತಾಯಿ, ತಾನಿಲ್ಲದ ಕಾಡನ್ನು ನೋಡಿ ಬಂದ.”

ಹೊನ್ನಾಂಬಿಕೆ ಕೈ ಮುಗಿದು ಎದ್ದು ತನ್ನ ಮನೆಯ ದಾರಿ ಹಿಡಿದಳು.